ಬೂದಿ ಹತ್ತಿದ ಚಿಪ್ಪು

ಆ ಸಲದ ಇದ್ದಿಲು ಕೆಟ್ಟಿತು. ಜರ್ದಾಳು ಹಣ್ಣಿನ ಗೊರಟೆಯ ಚಿಪ್ಪನ್ನು ಗಾಳಿ ತಗುಲದ ಕುಲುಮೆಯಲ್ಲಿ ಸುಟ್ಟು, ಮೇಲೆ ಹಬೆ ಹಾಯಿಸಿದರೆ ಇದ್ದಿಲಿನ ಒಂದೊಂದು ಹರಳಿನೊಳಗೂ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳು ತೆರೆಯುತ್ತವೆ. ವಿಷವೇರಿದ ರಕ್ತವನ್ನು ಅವುಗಳ ಮೂಲಕ ಹರಿಸಿ ತೊಳೆಯಬೇಕೆಂಬುದು ಖುಜಂದ್ ನಗರದ ನಮ್ಮ ಪ್ರಯೋಗಶಾಲೆಯ ಆರು ವರ್ಷದ ಆಸೆ. ಆ ಸಲ ಅರ್ಧ ರಂಧ್ರಗಳು ಮುಚ್ಚಿಹೋಗಿದ್ದವು. ಬೂದಿ ಎಂದಿನ ಮೂರು ಪಟ್ಟು. ನಿರ್ದೇಶಕರು ಕುಲುಮೆ ನೋಡಿಕೊಳ್ಳುವ ನುಸ್ರತಣ್ಣನನ್ನು ಕರೆದು, ಒಳಗೆ ಗಾಳಿ ಬಿಟ್ಟಿದ್ದೀಯ, ಸೋಮವಾರದಿಂದ ಬರಬೇಡ ಅಂದರು.

ನನ್ನ ಅನುಮಾನ ಬೇರೆ ಕಡೆಗಿತ್ತು. ಆ ಚಿಪ್ಪು ನಮ್ಮೂರು ಇಸ್ಫರಾದಿಂದ ನನ್ನ ಅಮ್ಮ ಕಳಿಸಿದ್ದು. ಪ್ರತಿ ಚೀಲದಿಂದ ಒಂದು ಹಿಡಿ ಸುಟ್ಟು ಬೂದಿ ತೂಗಿ ನೋಡುವುದು ನನ್ನ ಕೆಲಸ. ಅಮ್ಮನ ಚೀಲವನ್ನು ಮಾತ್ರ ನಾನು ಎಂದೂ ತೂಗಿದವಳಲ್ಲ. ಅವಳು ಕೊಟ್ಟ ರೊಟ್ಟಿಯನ್ನು ಮೂಸಿ ನೋಡಿದ ಹಾಗೆ ಅನಿಸುತ್ತಿತ್ತು.

ಶನಿವಾರ ಊರಿಗೆ ಹೋದೆ. ಅಮ್ಮ ಅಂಗಳದಲ್ಲಿ ಗೊರಟೆ ಒಡೆಯುತ್ತಿದ್ದಳು. "ಬಂದ್ಳು ನೋಡು ಇದ್ದಿಲ ರಾಣಿ, ಮುಖ ಯಾಕೆ ಸುಣ್ಣ ಬಳಿದ ಹಾಗಿದೆ?" ಎಂದು ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕೆಣಕಿದಳು. ಅವಳು ಒಳಗೆ ಹೋಗುವವರೆಗೆ ಕಾದು, ಆ ಚೀಲಕ್ಕೆ ಉಪ್ಪುಗೊರಟೆಯ ಚಿಪ್ಪನ್ನೂ ಬೆರೆಸಿದ್ದೆಯಾ ಎಂದು ಅಮ್ಮನನ್ನು ಕೇಳಿದೆ. ಮದುವೆಗೆಂದು ಗೊರಟೆಯನ್ನು ಬಿರಿಸಿ, ಉಪ್ಪುನೀರಲ್ಲಿ ನೆನೆಸಿ, ಬಿಸಿ ಬೂದಿಯಲ್ಲಿ ಹುರಿಯುತ್ತೇವಲ್ಲ, ಅದರದು.

"ಹೂಂ. ನಿನ್ನ ತಮ್ಮನ ಮಗಳ ಮದುವೇಲಿ ಎರಡು ಬುಟ್ಟಿ ಚಿಪ್ಪು ಬಿದ್ದಿತ್ತು. ಬಿಸಾಕೋದು ಪಾಪ ಅಲ್ವಾ? ಏಳು ನೀರಲ್ಲಿ ತೊಳ್ದಿದ್ದೀನಿ ಕಣೇ. ರೋಗಿಗಳ ರಕ್ತಕ್ಕೆ ಅಂತ ನಂಗೆ ಗೊತ್ತಿಲ್ವಾ?"

ಚಿಪ್ಪಿನ ಒಳಗಿಳಿದ ಉಪ್ಪು, ಬೂದಿ ಎಷ್ಟು ತೊಳೆದರೂ ಹೋಗುವುದಿಲ್ಲ. ತನ್ನ ಚಿಪ್ಪು ಜನರ ರಕ್ತ ತೊಳೆಯುತ್ತದೆಂದು ಅವಳು ಕೇರಿಗೆಲ್ಲ ಹೇಳಿಕೊಂಡಿದ್ದಳು. ಅಪ್ಪ ತೀರಿಕೊಂಡ ಮೇಲೆ ಬೆಳಿಗ್ಗೆ ಅವಳು ಹಾಸಿಗೆಯಿಂದ ಏಳುತ್ತಿದ್ದುದೇ ಆ ಕೆಲಸಕ್ಕಾಗಿ. ನಾನು ಸುಮ್ಮನಿದ್ದುಬಿಟ್ಟರೆ ಅವಳಿಗೆ ಏನೂ ತಿಳಿಯುವುದಿಲ್ಲ. ನುಸ್ರತಣ್ಣ ಹೋಗುತ್ತಾನೆ, ಅಷ್ಟೆ.

ಅವಳ ಎದುರಿಗೇ ನಿರ್ದೇಶಕರಿಗೆ ಫೋನ್ ಮಾಡಿದೆ. ನುಸ್ರತಣ್ಣನನ್ನು ಕೆಲಸದಿಂದ ತೆಗೆಯಬೇಡಿ, ತಪ್ಪು ಕುಲುಮೆಯದಲ್ಲ, ಅಮ್ಮನ ಚೀಲದ್ದು, ತೂಗದೆ ಬಿಟ್ಟವಳು ನಾನು ಎಂದೆ. ನುಸ್ರತ್ ಬರಲಿ, ಆದರೆ ಇನ್ನು ಮನೆಗಳಿಂದ ಚಿಪ್ಪು ತರುವುದು ಬೇಡ, ನಿಮ್ಮ ಮೇಲೂ ಕ್ರಮ ಆಗುತ್ತದೆ ಎಂದು ಅವರು ಹೇಳಿದರು.

ಇನ್ನು ಮನೆಯ ಚಿಪ್ಪು ಬೇಡವಂತೆ ಎಂದಾಗ ಅಮ್ಮ ಗೊರಟೆ ಒಡೆಯುವ ಕಲ್ಲನ್ನು ಕೆಳಗಿಟ್ಟಳು. ಅರ್ಧ ತುಂಬಿದ ಚೀಲದ ಬಾಯಿ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ಆ ಮನುಷ್ಯನಿಗೆ ಮಕ್ಕಳೆಷ್ಟು?"

"ನಾಲ್ಕು."

"ಕೆಲಸ ಉಳೀತಾ?"

"ಉಳೀತಮ್ಮ."

"ಹಾಗಾದ್ರೆ ಸರಿ."

ಅವಳು ಎದ್ದು ಚೀಲವನ್ನು ಒಲೆಯ ಸೌದೆರಾಶಿಯ ಕಡೆ ಎಳೆಯತೊಡಗಿದಳು. ಹಿಡಿಯಲು ಹೋದ ನನ್ನ ಕೈಯನ್ನು ಮೆಲ್ಲಗೆ ಸರಿಸಿದಳು.