ಮೆಟ್ಟಿಲ ಕೆಳಗಿನ ಉಸಿರು

‘ಶನಿವಾರದೊಳಗೆ ಆ ಸದ್ದು ನಿಲ್ಲದಿದ್ದರೆ ಏನು ಮಾಡಲಿ?’

ನಮ್ರತಾ ಡೈರಿಯಲ್ಲಿ ಇಷ್ಟು ಬರೆದು, ಯಾರೋ ಬೆನ್ನ ಹಿಂದೆ ನಿಂತು ಓದುತ್ತಿದ್ದಾರೇನೋ ಎಂಬಂತೆ ಪುಟದ ಮೇಲೆ ಅಂಗೈ ಮುಚ್ಚಿದಳು. ಮನೆಯಲ್ಲಿ ಅವಳನ್ನು ಬಿಟ್ಟರೆ ಇದ್ದವಳು ಅಕ್ಕ ಮೈಥಿಲಿ ಒಬ್ಬಳೇ. ಅವಳೂ ಕೆಳಗೆ ಆಫೀಸಿನ ಕಾಲ್‌ನಲ್ಲಿದ್ದಳು. ಮಧ್ಯಾಹ್ನದ ಬಿಸಿಲು ಮೆಟ್ಟಿಲ ಮೇಲೆ ಅಡ್ಡಡ್ಡ ಬಿದ್ದಿತ್ತು. ಆ ಮೆಟ್ಟಿಲ ಕೆಳಗಿನ, ಸಾಮಾನು ತುಂಬುವ ಕ್ಲಾಸೆಟ್ಟಿನೊಳಗಿಂದ ಮತ್ತೊಮ್ಮೆ ಕೇಳಿತು: ಗುಳುಕ್.

ಅಕ್ಕನ ಗಂಡ ಧೀರಜ ತೀರಿಕೊಂಡು ಇಪ್ಪತ್ತು ತಿಂಗಳಾಗಿತ್ತು. ಮಾರಿಸ್‌ವಿಲ್‌ನ ಕ್ರಿಕೆಟ್ ಮೈದಾನದಲ್ಲಿ ಒಂದು ಭಾನುವಾರ ಎರಡು ರನ್ನಿಗೆಂದು ಓಡಿದವನು ಒಂದು ಮುಗಿಸಿ, ತಿರುಗುವಾಗ ಮಂಡಿಯೂರಿ ಕೂತ. ಮತ್ತೆ ಏಳಲಿಲ್ಲ. ಮೂವತ್ತೇಳು ವಯಸ್ಸು. ಅದಕ್ಕೆ ಒಂದು ತಿಂಗಳ ಮುಂಚೆ ಅವನು ವೈನ್ ಮಾಡುವ ಕಿಟ್ ಒಂದನ್ನು ತರಿಸಿ, ಹುದುಗು ಹಾಕಿ, ನೊರೆಯೆಲ್ಲ ಇಳಿದ ಮೇಲೆ ಆರು ಗ್ಯಾಲನ್ನಿನ ಗಾಜಿನ ಜಾಡಿಗೆ ತುಂಬಿ, ತಿಳಿಯಾಗಲಿ ಎಂದು ಮೆಟ್ಟಿಲ ಕೆಳಗೆ ಇಟ್ಟಿದ್ದ. ಜಾಡಿಯ ಬಾಯಿಗೆ ಸೊಟ್ಟ ಕೊಳವೆಯ ಪ್ಲಾಸ್ಟಿಕ್ ಮುಚ್ಚಳ. ಕೊಳವೆಯಲ್ಲಿ ಎರಡು ಚಮಚ ನೀರು. ಒಳಗಿನ ಗಾಳಿ ಆ ನೀರನ್ನು ದಾಟಿ ಹೊರಗೆ ಹೋಗಬಹುದು, ಹೊರಗಿನದು ಒಳಕ್ಕೆ ಬರಲಾಗದು.

ಮೈಥಿಲಿ ಆ ಬಾಗಿಲನ್ನು ಮತ್ತೆ ತೆರೆಯಲಿಲ್ಲ. ಶಾರ್ಲೆಟ್‌ನಲ್ಲಿ ಮಾಸ್ಟರ್ಸ್ ಮುಗಿಸಿ ಅಕ್ಕನ ಜೊತೆಗಿರಲು ಬಂದ ತಂಗಿಗೆ ಹೇಳಿದ್ದು ಒಂದೇ ಮಾತು: “ಆ ಕೊಳವೆ ನೀರು ಆರದ ಹಾಗೆ ನೋಡ್ಕೊ ಕಣೇ. ಅವನ ಕೈಯಿಂದ ಮಾಡಿದ್ದು ಅದೊಂದೇ ಉಳಿದಿರೋದು.”

ನಮ್ರತಾ ನೋಡಿಕೊಂಡಳು, ವರ್ಷದ ತಿಥಿ ಬರುವ ತನಕ. ತಿಥಿಗೆ ಧೀರಜನ ತಮ್ಮ ಕಮ್ಮಿಂಗ್ ಎಂಬ ಊರಿನಿಂದ ಡ್ರೈವ್ ಮಾಡಿಕೊಂಡು ಬಂದಿದ್ದ. ಆಚಾರ್ಯರು ಇನ್ನೇನು ಬರುವವರಿದ್ದರು. ಮನೆಯೆಲ್ಲ ಮಡಿ. ಶ್ರಾದ್ಧದ ಮನೆಯಲ್ಲಿ ಹೆಂಡದ ಜಾಡಿಯೇ ಎಂದು ಅವರೇನಾದರೂ ಅಂದರೆ ಅಕ್ಕ ಎಷ್ಟು ನೊಂದುಕೊಂಡಾಳು! ಯಾರನ್ನೂ ಕೇಳದೆ, ಜಾಡಿಯನ್ನು ಹಳೆಯ ಬೆಡ್‌ಶೀಟಿನ ಮೇಲೆ ಕೂರಿಸಿ, ಗರಾಜಿನವರೆಗೆ ಎಳೆದುಕೊಂಡು ಹೋದಳು. ಬಾಗಿಲಿಗೆ ತಗುಲಿ ಮುಚ್ಚಳ ಕಳಚಿ ಬಿತ್ತು. ಅದೆಲ್ಲಿ ಉರುಳಿತೋ ಹುಡುಕಲು ಹೊತ್ತಿರಲಿಲ್ಲ. ಅಮ್ಮ ಉಪ್ಪಿನಕಾಯಿ ಭರಣಿಗೆ ಕಟ್ಟುವ ಹಾಗೆ ಒಗೆದ ಬಿಳಿ ಪಂಚೆಯ ತುಂಡನ್ನು ಜಾಡಿಯ ಬಾಯಿಗೆ ಕಟ್ಟಿ, ದಾರ ಸುತ್ತಿ, ಎರಡು ಗಂಟು ಹಾಕಿದಳು. ಭರಣಿಗೆ ಅದಕ್ಕಿಂತ ಒಳ್ಳೆಯ ರಕ್ಷಣೆ ಅವಳಿಗೆ ಗೊತ್ತಿರಲಿಲ್ಲ.

ಆಮೇಲೆ ಮರೆತಳು. ಜೂನ್ ತಿಂಗಳ ಕೊನೆಗೆ, ಗರಾಜು ಒಲೆಯ ಹಾಗೆ ಕಾಯುವಾಗ ನೆನಪಾಗಿ, ಮುಚ್ಚಳ ಹುಡುಕಿ ಸಿಕ್ಕಿಸಿ, ಜಾಡಿಯನ್ನು ಸದ್ದಿಲ್ಲದೆ ಮೊದಲಿನ ಜಾಗಕ್ಕೆ ತಂದಿಟ್ಟಳು. ಮೂಗಿಗೆ ಹುಳಿ ಬಡಿಯಿತು. ವೈನನ್ನು ಅವಳು ಕುಡಿದವಳೇ ಅಲ್ಲ. ಇದರ ವಾಸನೆಯೇ ಹೀಗಿರಬೇಕು ಅಂದುಕೊಂಡಳು.

ದಸರಾದ ದಿನ ಅಕ್ಕನಿಗೆ ಮೇರಿಲ್ಯಾಂಡಿನಿಂದ ಕೆಲಸದ ಆಫರ್ ಬಂತು.

“ಹೋಗ್ತೀನಿ,” ಅಂದಳು ಮೈಥಿಲಿ, ಎಷ್ಟೋ ತಿಂಗಳ ಮೇಲೆ ನೆಟ್ಟಗೆ ಕೂತು. “ಲ್ಯಾನ್‌ಹ್ಯಾಮ್ ಹತ್ರ ಮನೆ ಮಾಡಿದ್ರೆ ದೇವಸ್ಥಾನಾನೂ ಹತ್ರ. ಈ ಗೋಡೆ ನೋಡಿ ನೋಡಿ ಸಾಕಾಗಿದೆ. ನವೆಂಬರಲ್ಲಿ ಧೀರಜನ ಬರ್ತ್‌ಡೇ ಇದೆಯಲ್ಲ, ಆ ಶನಿವಾರ ವೈನ್ ಬಾಟ್ಲಿಗೆ ತುಂಬಿಸಿ ಅವನ ಟೀಮಿನೋರಿಗೆಲ್ಲ ಒಂದೊಂದು ಕೊಡೋಣ. ಆಮೇಲೆ ಹೊರಡೋಣ.”

ಮರುದಿನ ಅಕ್ಕ ಆಫೀಸಿಗೆ ಹೋದ ಮೇಲೆ ನಮ್ರತಾ ಒಂದು ಚಮಚ ತೆಗೆದು ನಾಲಿಗೆಗೆ ಹಚ್ಚಿದಳು. ಗಂಟಲು ಸುಟ್ಟಿತು. ಅಪ್ಪಟ ವಿನೆಗರ್. ಗಾಳಿ ಸೋಕಿದ ವೈನು ಹುಳಿಯಾಗುತ್ತದೆಂದು ಫೋನಿನಲ್ಲಿ ಹುಡುಕಿದ ಐದೇ ನಿಮಿಷಕ್ಕೆ ತಿಳಿಯಿತು. ಅವಳು ಕಟ್ಟಿದ ಆ ಒಳ್ಳೆಯ ಬಟ್ಟೆಯೇ ಗಾಳಿಯನ್ನು ಒಳಕ್ಕೆ ಕರೆದಿತ್ತು.

ಹೇಳಬಹುದಿತ್ತು. ಚಿಕ್ಕಂದಿನಿಂದಲೂ ಅವಳ ಮಾತುಗಳು ಡೈರಿಯ ತನಕ ಬಂದು ಅಲ್ಲೇ ನಿಂತುಬಿಡುತ್ತಿದ್ದವು. ಹೇಳುವ ಬದಲು ಅವಳು ಅದೇ ಕಿಟ್ ಮತ್ತೊಂದನ್ನು ತರಿಸಿದಳು.

ಧೀರಜನದನ್ನು ಸ್ನಾನದ ಟಬ್ಬಿಗೆ ಸುರಿದಳು. ಕೆಂಪಗೆ ಸುತ್ತಿ ಸುತ್ತಿ ಇಳಿದು ಹೋಗುವುದನ್ನು ನೋಡಲಾರದೆ ಕೊನೆಯ ಒಂದಿಷ್ಟನ್ನು ಖಾಲಿ ಉಪ್ಪಿನಕಾಯಿ ಬಾಟಲಿಗೆ ಹಿಡಿದು, ತನ್ನ ಸ್ವೆಟರುಗಳ ಹಿಂದೆ ಬಚ್ಚಿಟ್ಟಳು. ಆಮೇಲೆ ಬಕೆಟ್ ತೊಳೆದು, ಜೇಡಿಮಣ್ಣಿನಂಥ ಪುಡಿಯನ್ನು ಬಿಸಿನೀರಿಗೆ ಕಲಸಿ, ಚೀಲದ ದ್ರಾಕ್ಷಿರಸ ಸುರಿದು, ನೀರು ಸೇರಿಸಿ, ಓಕ್ ಮರದ ಹೊಟ್ಟು ಉದುರಿಸಿ, ಮೇಲೆ ಯೀಸ್ಟ್ ಚೆಲ್ಲಿದಳು.

ಹೊಸ ಕಿಟ್ಟಿನ ಕಾಗದಕ್ಕಿಂತ ಅವಳಿಗೆ ದಾರಿ ತೋರಿಸಿದ್ದು ಹಳೆಯ ಕಿಟ್ಟಿನ ಪೆಟ್ಟಿಗೆಯ ಮುಚ್ಚಳ. ಅದರ ಮೇಲೆ ಧೀರಜ ಮಾರ್ಕರಿನಲ್ಲಿ ಕನ್ನಡದಲ್ಲೇ ಬರೆದುಕೊಂಡಿದ್ದ: ‘ಚೆನ್ನಾಗಿ ಕಲಕು.’ ‘ಮುಚ್ಚಳ ತೆಗೆದು ತೆಗೆದು ನೋಡಬೇಡ, ಕತ್ತೆ.’ ಮಾಡಿದ ಒಂದೊಂದು ಕೆಲಸಕ್ಕೂ ಒಂದೊಂದು ಗೀಟು. ಕೊನೆಯ ಎರಡಕ್ಕೆ ಗೀಟಿರಲಿಲ್ಲ. ಕಲಕುತ್ತಾ ಕಲಕುತ್ತಾ ತೋಳು ಸೋತು ನಿಂತಾಗ, ‘ಇನ್ನೊಂಚೂರು’ ಎಂದು ಭಾವ ಪಕ್ಕದಲ್ಲೇ ನಿಂತು ಹೇಳಿದಂತಾಯಿತು. ಅವಳು ಹಿಂತಿರುಗಿ ನೋಡಲಿಲ್ಲ. ಕಲಕಿದಳು.

ಬಕೆಟ್ಟು ಹತ್ತು ದಿನ ಅವಳ ರೂಮಿನಲ್ಲೇ ಕಂಬಳಿ ಹೊದ್ದು ಕೂತಿತ್ತು. ಕಿಟ್ಟಿಗೆ ಬೇಕಾದದ್ದು ಆರು ವಾರ, ಅವಳ ಹತ್ತಿರ ಇದ್ದದ್ದು ನಾಲ್ಕೂ ಇಲ್ಲ. ರಸ ಇನ್ನೂ ಹುದುಗುತ್ತಿರುವಾಗಲೇ ಜಾಡಿಗೆ ಇಳಿಸಿ ಮೆಟ್ಟಿಲ ಕೆಳಗಿಟ್ಟಳು. ಚಳಿ ಬಿದ್ದ ಮನೆ. ಅದು ನಿಧಾನವಾಗಿ, ತನ್ನ ಪಾಡಿಗೆ, ಉಸಿರು ಬಿಡುತ್ತಲೇ ಇತ್ತು.

ಮೂರನೇ ದಿನ ಅಕ್ಕನಿಗೆ ಕೇಳಿಸಿತು.

“ನಮ್ಮೂ, ಬಾ ಇಲ್ಲಿ! ಕೇಳಿಸ್ತಾ? ಆಫರ್ ಲೆಟರ್ ಓದ್ತಾ ಇದ್ನಾ, ಮೇರಿಲ್ಯಾಂಡ್ ಅಂದೆ ನೋಡು, ತಕ್ಷಣ ಗುಳುಕ್ ಅಂತು.”

“ಅದು... ಗ್ಯಾಸು ಅಕ್ಕಾ. ಹವಾ ಬದಲಾದ್ರೆ ಹಾಗಾಗತ್ತಂತೆ.”

“ಅವನಿಗೂ ಯಾವಾಗ್ಲೂ ಗ್ಯಾಸೇ,” ಅಂದು ಮೈಥಿಲಿ ನಕ್ಕಳು. ಇಪ್ಪತ್ತು ತಿಂಗಳಲ್ಲಿ ಆ ಮನೆಯಲ್ಲಿ ಎದ್ದ ಮೊದಲ ನಗು. ನಮ್ರತಾ ಮೇಲೆ ಹೋಗಿ ಡೈರಿ ಬಿಚ್ಚಿದಳು.

ಅಂದಿನಿಂದ ಅಕ್ಕ ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೇ ಕೂರತೊಡಗಿದಳು. ಕ್ಲಾಸೆಟ್ಟಿನ ಬಾಗಿಲು ಅರೆ ತೆರೆದಿರುತ್ತಿತ್ತು. ಒಳಗೆ ಕತ್ತಲೆ, ಕತ್ತಲೆಯಲ್ಲಿ ಜಾಡಿಯ ಕಪ್ಪು ಹೊಟ್ಟೆ. ಗುಳುಕ್ ಅಂದರೆ ಅಕ್ಕ “ಹ್ಞೂಂ” ಅನ್ನುವಳು. ತಡವಾದರೆ “ಯಾಕೆ, ಕೋಪಾನಾ?” ಅನ್ನುವಳು. ಮನೆ ನೋಡಲು ಬರಬೇಕಿದ್ದ ರಿಯಲ್ ಎಸ್ಟೇಟಿನವಳಿಗೆ ಬೇಡವೆಂದು ಹೇಳಿದಳು. ಮೇಲೆ ಕೆಲಸಕ್ಕೆ ಕೂತ ನಮ್ರತಾಳಿಗೂ ಆ ಸದ್ದು, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಭಾವನ ಹಳೆಯ ರೂಢಿಯಂತೆಯೇ ಕೇಳತೊಡಗಿತು. ಮಾಡಿದವಳು ತಾನೇ ಎಂದು ಗೊತ್ತಿದ್ದೂ ಅವಳ ತೋಳಿನ ರೋಮ ನಿಮಿರುತ್ತಿತ್ತು.

ಶನಿವಾರ ಬೆಳಿಗ್ಗೆ ಸಿದ್ಧಲಿಂಗೇಶ್ ಖಾಲಿ ಬಾಟಲಿಗಳ ಡಬ್ಬ ಹೊತ್ತು ಬಂದ. ಧೀರಜನ ಜೊತೆ ಓಪನಿಂಗ್ ಆಡುತ್ತಿದ್ದವನು. ಆ ದಿನ ಪಿಚ್ಚಿನ ಇನ್ನೊಂದು ತುದಿಯಲ್ಲಿ ನಿಂತಿದ್ದವನು.

“ಎಲ್ಲಿ ಅತ್ತಿಗೆ, ನಮ್ಮ ಕ್ಯಾಪ್ಟನ್ ಮಾಡಿದ ಮಾಲು?” ಎನ್ನುತ್ತ ಫೋನಿನ ಟಾರ್ಚ್ ಹಿಡಿದು ಒಳಗೆ ಬಗ್ಗಿದ. ಕೊಳವೆಯಲ್ಲಿ ಗುಳ್ಳೆಯೊಂದು ಏರಿ ಒಡೆಯಿತು. “ಅರೆ, ಇಪ್ಪತ್ತು ತಿಂಗಳ ವೈನು ಹೀಗೆಲ್ಲ ಗುಳ್ಳೆ...” ಅವನ ಕಣ್ಣು ನಮ್ರತಾಳ ಮುಖಕ್ಕೆ ಬಂತು.

“ಅದಕ್ಕೇ ಹೇಳ್ತಿರೋದು ಸಿದ್ದು, ಬಾಟ್ಲಿ ಬೇಡ,” ಅಂದಳು ಮೈಥಿಲಿ. “ಉಸಿರಾಡ್ತಾ ಇರೋದರ ಬಾಯಿಗೆ ಬಿರಡೆ ಜಡಿಯೋಕಾಗತ್ತಾ? ನಾನು ಮೇರಿಲ್ಯಾಂಡಿಗೂ ಹೋಗಲ್ಲ. ಇವತ್ತೇ ಮೇಲ್ ಹಾಕ್ತೀನಿ. ಇವನನ್ನ ಇಲ್ಲಿ ಬಿಟ್ಟು ಹೇಗೆ ಹೋಗಲಿ?”

ಸಿದ್ಧಲಿಂಗೇಶ್ ಡಬ್ಬವನ್ನು ಮತ್ತೆ ಎತ್ತಿಕೊಂಡ. ಬಾಗಿಲ ಬಳಿ ಶೂ ಹಾಕಿಕೊಳ್ಳುತ್ತ, ತಗ್ಗಿದ ದನಿಯಲ್ಲಿ ಕೇಳಿದ: “ಹೊಸ ಕಿಟ್ಟಾ?”

ನಮ್ರತಾ ಹೌದೆಂದು ತಲೆಯಾಡಿಸಿದಳು.

“ನಾನು ಹೇಳಲ್ಲ. ಅದು ನನ್ನ ಬಾಯಲ್ಲಿ ಬರೋ ಮಾತಲ್ಲಮ್ಮ.” ಲೇಸ್ ಕಟ್ಟಿ ಎದ್ದು ನಿಂತ. “ಆದರೆ ಆ ಗುಳ್ಳೆ ಇನ್ನೊಂದೆರಡು ವಾರಕ್ಕೆ ನಿಂತುಹೋಗತ್ತೆ. ಅವತ್ತು ಅತ್ತಿಗೆಗೆ ಇನ್ನೊಂದ್ಸಲ ಅದೇ ಭಾನುವಾರ. ಯೋಚನೆ ಮಾಡು.”

ಕಾರು ಹೋಯಿತು. ಬಾಗಿಲು ಹಾಕಿ ನಮ್ರತಾ ಅಲ್ಲೇ ನಿಂತಳು. ಇಷ್ಟು ದಿನ ಸದ್ದು ನಿಲ್ಲಲಿ ಎಂದು ಬೇಡಿಕೊಂಡವಳಿಗೆ, ಅದು ನಿಲ್ಲುವ ದಿನ ಅಕ್ಕ ಹೇಗೆ ಕೂತಿರುತ್ತಾಳೆ ಎನ್ನುವುದು ಈಗ ಕಣ್ಣಿಗೆ ಕಟ್ಟಿತು.

ಮೈಥಿಲಿ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೇಲ್ ಬರೆಯುತ್ತಿದ್ದಳು. ಬರೆದ ಒಂದೊಂದು ಸಾಲನ್ನೂ ಕ್ಲಾಸೆಟ್ಟಿನ ಕಡೆ ತಿರುಗಿ ಓದಿ ಹೇಳುತ್ತಿದ್ದಳು.

ನಮ್ರತಾ ಅವಳ ಪಕ್ಕದಿಂದಲೇ ದಾಟಿ ಮೇಲೆ ಹೋದಳು. ಟೇಬಲ್ಲಿನ ಮೇಲೆ ಡೈರಿ ಬಿಚ್ಚಿಕೊಂಡೇ ಬಿದ್ದಿತ್ತು, ಪೆನ್ನು ಪಕ್ಕದಲ್ಲಿ. ಕೈ ಅತ್ತಲೇ ಹೋಯಿತು. ಅವಳು ಕೈಯನ್ನು ಹಿಂದಕ್ಕೆಳೆದು ಸ್ವೆಟರುಗಳ ಹಿಂದೆ ತೂರಿಸಿದಳು. ಉಪ್ಪಿನಕಾಯಿ ಬಾಟಲಿ ತಣ್ಣಗಿತ್ತು.

ಇಳಿದು ಬಂದು ಅಕ್ಕನಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತು, ಬಾಟಲಿಯನ್ನು ಇಬ್ಬರ ನಡುವೆ ಇಟ್ಟು, ಮುಚ್ಚಳ ತಿರುಗಿಸಿದಳು. ಹುಳಿ ವಾಸನೆ ಮೆಟ್ಟಿಲುದ್ದಕ್ಕೂ ಹರಡಿತು.

“ಏನೇ ಇದು, ವಿನೆಗರ್ ಯಾಕೆ ತಂದೆ?”

ನಮ್ರತಾ ಬಾಯಿ ತೆರೆದಳು. ಅಷ್ಟರಲ್ಲಿ ಕತ್ತಲೆಯೊಳಗಿಂದ ಗುಳುಕ್ ಎಂದಿತು. ಮೈಥಿಲಿ ಸುಮ್ಮನಿರು ಎಂದು ಬೆರಳೆತ್ತಿ, ಕಿವಿಗೊಟ್ಟು, ಮುಗುಳ್ನಕ್ಕು ಬಾಗಿಲ ಕಡೆ ತಿರುಗಿದಳು.

ಅಕ್ಕ ಎತ್ತಿದ ಆ ಬೆರಳನ್ನು ನಮ್ರತಾ ತನ್ನ ಕೈಯಲ್ಲಿ ಹಿಡಿದುಕೊಂಡಳು.

“ಅದು ಭಾವ ಅಲ್ಲ ಅಕ್ಕಾ, ಹೋದ ತಿಂಗಳು ನಾನು ಮಾಡಿದ್ದು. ಭಾವ ಮಾಡಿದ್ದನ್ನ ನಾನೇ ಕೆಡಿಸಿದೆ. ಅದರಲ್ಲಿ ಉಳಿದಿರೋದು ಇದಿಷ್ಟೇ.”