ಸೀತವ್ವ ಹತ್ತಿದ ಬಿಳಿ ಗಾಡಿ

ಮೂಡಲಗಿಯ ಶೋಭಾ ಕಾರು ಓಡಿಸಲು ಕಲಿತದ್ದು ನಲವತ್ತೊಂದನೆಯ ವಯಸ್ಸಿನಲ್ಲಿ, ಅದೂ ರೊಟ್ಟಿಯ ಸಲುವಾಗಿ. ಓಣಿಯ ಐದಾರು ಹೆಂಗಸರನ್ನು ಕೂಡಿಸಿಕೊಂಡು ಅವಳು ಮದುವೆ ಮನೆಗಳಿಗೆ ಜೋಳದ ಖಡಕ್ ರೊಟ್ಟಿ ಮಾಡಿ ಕೊಡುತ್ತಿದ್ದಳು. ಗೋಕಾಕ, ಹುಕ್ಕೇರಿಗಳಿಂದಲೂ ಕರೆ ಬರತೊಡಗಿತ್ತು. ಆದರೆ ಬಾಡಿಗೆ ಟೆಂಪೋದವರು ರೊಟ್ಟಿಯ ಬುಟ್ಟಿಗಳನ್ನು ಗೊಬ್ಬರದ ಚೀಲದಂತೆ ಎತ್ತಿ ಒಗೆಯುತ್ತಿದ್ದರು. ಹುಕ್ಕೇರಿ ಮುಟ್ಟುವಷ್ಟರಲ್ಲಿ ಅರ್ಧಕ್ಕರ್ಧ ಚೂರಾಗಿರುತ್ತಿದ್ದವು. ಒಂದು ದಿನ ಅವಳಿಗೆ ತಡೆಯಲಾಗಲಿಲ್ಲ. ಗಂಡ ಕಾಶಿನಾಥನಿಗೆ ಬೀಜ, ಗೊಬ್ಬರದ ಅಂಗಡಿ ಇತ್ತು. ಅಂಗಡಿಯ ಮುಂದೆ ಹಗಲೆಲ್ಲ ಸುಮ್ಮನೆ ನಿಂತಿರುತ್ತಿದ್ದ ಅವನ ಹಳೆಯ ಬಿಳಿ ಕಾರನ್ನು ತನಗೆ ಕೊಡಿ ಎಂದು ಕೇಳಿದಳು. ಕಾಶಿನಾಥ ನಕ್ಕು ಕೀಲಿಕೈ ಕೊಟ್ಟ. ಎರಡು ತಿಂಗಳಾಗುವಷ್ಟರಲ್ಲಿ ಅವಳು ಬುಟ್ಟಿಗಳನ್ನು ಹೇರಿಕೊಂಡು ಒಬ್ಬಳೇ ಹುಕ್ಕೇರಿಗೆ ಹೋಗಿ ಬರುತ್ತಿದ್ದಳು. ಒಂದು ರೊಟ್ಟಿಯೂ ಮುರಿಯುತ್ತಿರಲಿಲ್ಲ.

ಮೂರು ವರ್ಷಕ್ಕೆ ಆ ಕಾರು ದಣಿದು ಹೋಯಿತು. ಹೊಸದು ತರುವುದೆಂದಾಯಿತು. ಹೆಚ್ಚು ಓಡಿಸುವವಳು ಅವಳೇ ಆದ್ದರಿಂದ ಅವಳ ಹೆಸರಿನಲ್ಲೇ ತರೋಣ ಎಂದು ಕಾಶಿನಾಥನೇ ಹೇಳಿದ. ಯಾವ ಕಾರು ಎಂಬುದನ್ನೂ ಇಬ್ಬರೂ ಕೂತು ನಿಶ್ಚಯಿಸಿದರು. ಬಣ್ಣದ ಮಾತು ಬಂದಾಗ ಮಾತ್ರ ಅವನು ಅದೊಂದು ಪ್ರಶ್ನೆಯೇ ಅಲ್ಲ ಎಂಬಂತೆ ಬಿಳಿ ಎಂದುಬಿಟ್ಟ. ಬಿಳಿ ಗಾಡಿ ಬಿಸಿಲಿಗೆ ಕಾಯುವುದಿಲ್ಲ, ಧೂಳು ಎದ್ದು ಕಾಣುವುದಿಲ್ಲ, ಮುಂದೆ ಮಾರುವಾಗಲೂ ತೊಂದರೆಯಿಲ್ಲ. ಇನ್ನೊಂದು ಕಾರಣವೂ ಅವನ ಬಳಿ ಇತ್ತು. ಅವನದು ವ್ಯಾಪಾರ, ಎಲ್ಲ ಥರದ ರೈತರೂ ಅಂಗಡಿಗೆ ಬರುವವರು. ಕೇಸರಿ ತಂದರೆ ಒಂದು ಪಕ್ಷದವರು ಮುಖ ತಿರುಗಿಸುತ್ತಾರೆ, ಹಸಿರು ತಂದರೆ ಇನ್ನೊಂದು, ನೀಲಿ ತಂದರೆ ಮತ್ತೊಂದು. ಬಿಳಿಗೆ ಯಾರ ತಕರಾರೂ ಇಲ್ಲ. ಅತ್ತೆ ಗೌರವ್ವನನ್ನು ಕೇಳಿದರೆ, ನಿಮಗೆ ತಿಳಿದಂತೆ ಮಾಡಿ ಎಂದರು. ಶೋಭಾ ಕೂಡ ಹೂಂ ಎಂದಳು. ಬೇರೆ ಏನಾದರೂ ಹೇಳಬೇಕೆಂದು ಅವಳಿಗೆ ಹೊಳೆದಿರಲಿಲ್ಲ.

ಮೇ ತಿಂಗಳ ಒಂದು ಗುರುವಾರ ಸಂಜೆ ನಾಲ್ಕಕ್ಕೆ ಗೋಕಾಕದ ಷೋರೂಮಿನಲ್ಲಿ ಬುಕಿಂಗ್ ಮಾಡುವುದೆಂದು ಗೊತ್ತಾಯಿತು. ಅಂದು ಹುಕ್ಕೇರಿಯ ಮದುವೆಯೊಂದಕ್ಕೆ ಶೋಭಾ ರೊಟ್ಟಿ ಒಯ್ಯಬೇಕಿತ್ತು. ಮುಗಿಸಿಕೊಂಡು ಅಲ್ಲಿಂದ ನೇರ ಗೋಕಾಕಕ್ಕೆ ಬರುವೆನೆಂದಳು. ಕಾಶಿನಾಥ ಮೂಡಲಗಿಯಿಂದ ಬಸ್ಸಿಗೆ ಬರುವುದೆಂದಾಯಿತು.

ರೊಟ್ಟಿ ಹೇಳಿದ್ದವನು ಮದುಮಗಳ ಕಾಕಾ ಹಣಮಂತ. ಉಂಡೇ ಹೋಗಬೇಕೆಂದು ಅವನು ಶೋಭಾಳನ್ನು ಬಿಡಲಿಲ್ಲ. ಊಟ ಮುಗಿಸಿ ಹೊರಗೆ ಬಂದರೆ ಕಲ್ಯಾಣ ಮಂಟಪದ ಬಯಲಿನ ತುಂಬ ಬಿಳಿ ಕಾರುಗಳು. ಅವಳ ಕಾರಿನ ತರಹದವೇ ಏಳೆಂಟು ಇದ್ದವು. ಎರಡು ಕಾರುಗಳ ಬಾಗಿಲು ಜಗ್ಗಿ ನೋಡಿ, ಮೂರನೆಯದರ ಹತ್ತಿರ ತನ್ನ ಬುಟ್ಟಿಗಳನ್ನು ಕಂಡು ಗುರುತು ಹಿಡಿದಳು. ಅಡುಗೆಯವರು ಖಾಲಿ ಬುಟ್ಟಿಗಳನ್ನು ತಂದಿಡಲಿ ಎಂದು ಅವಳೇ ಬಾಗಿಲು ತೆರೆದು ಬಿಟ್ಟು ಹೋಗಿದ್ದಳು. ಅವರು ಬುಟ್ಟಿಗಳನ್ನೆಲ್ಲ ಡಿಕ್ಕಿಗೆ ತುಂಬಿದರು. ಹೊತ್ತಾಗಿತ್ತು. ಅವಳು ಹಿಂದೆ ನೋಡದೆ ಕೂತು ಗಾಡಿ ಬಿಟ್ಟಳು.

ಘಟಪ್ರಭಾ ಇನ್ನೇನು ಬಂತು ಎನ್ನುವಾಗ ಹಿಂದಿನ ಸೀಟಿನಿಂದ ಮಾತು ಕೇಳಿಸಿತು.

"ಮಾಲಿಂಗಾ, ಸಾವಕಾಶ ಹೊಡಿಯಪಾ. ಹೊಟ್ಯಾಗ ಹೋಳಿಗಿ ಅದಾವ."

ಶೋಭಾ ಹೇಗೋ ರಸ್ತೆಯ ಬದಿಗೆ, ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ತಿರುಗಿ ನೋಡಿದಳು. ಹಿಂದಿನ ಸೀಟಿನ ಮೇಲೆ ಮೊಣಕಾಲು ಮಡಚಿಕೊಂಡು, ಮುಖದ ಮೇಲೆ ಸೆರಗು ಹಾಕಿಕೊಂಡು ಒಬ್ಬ ಮುದುಕಿ ಮಲಗಿದ್ದಳು. ಗಾಡಿ ನಿಂತದ್ದರಿಂದ ಸೆರಗು ಸರಿಸಿ ಎದ್ದು ಕೂತಳು. ಹಣೆಯ ತುಂಬ ಭಂಡಾರದ ಅರಿಸಿನ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ನೀ ಯಾರವಾ? ಮಾಲಿಂಗ ಎಲ್ಲ್ಯದಾನ?"

"ಆಯೀ, ಇದು ನಮ್ಮ ಗಾಡಿರಿ."

ಮುದುಕಿ ಕಿಟಕಿಯಿಂದ ಹೊರಗೆ ಬಗ್ಗಿ ಗಾಡಿಯ ಮೈಯನ್ನು ಒಮ್ಮೆ ನೋಡಿದಳು. "ಬಿಳೀದೈತಲ್ಲ. ನಮ್ಮದೂ ಬಿಳೀದು," ಎಂದಳು.

ಹೆಸರು ಸೀತವ್ವ, ಊರು ಮಮದಾಪುರ. ಮೊಮ್ಮಗ ಮಾಲಿಂಗನ ಜೊತೆ ಮದುವೆಗೆ ಬಂದಿದ್ದಳು. ಉಂಡ ಮೇಲೆ ನಿದ್ದೆ ಎಳೆದು, ನಮ್ಮದೇ ಗಾಡಿ ಎಂದುಕೊಂಡು ತೆರೆದ ಬಾಗಿಲಿನೊಳಗೆ ಹೋಗಿ ಮಲಗಿದ್ದಳು. ಅವಳ ಹತ್ತಿರ ಫೋನಿರಲಿಲ್ಲ. ಶೋಭಾ ಹಣಮಂತನಿಗೆ ಫೋನು ಹಚ್ಚಿದಳು. ಅಲ್ಲಿ ಆಗಲೇ ಗದ್ದಲವೆದ್ದಿತ್ತು. ಅಡುಗೆಮನೆ, ಹಿತ್ತಲು, ಬಾವಿ ಎಲ್ಲ ಹುಡುಕಿ, ಮೈಕಿನಲ್ಲಿ ಅಜ್ಜಿಯ ಹೆಸರು ಕೂಗಿಸುತ್ತಿದ್ದರು. ಹಣಮಂತ ಫೋನನ್ನು ಮಾಲಿಂಗನ ಕೈಗೆ ಕೊಟ್ಟ. ಶೋಭಾ ಎಲ್ಲವನ್ನೂ ಹೇಳಿ, ತಾನು ತಿರುಗಿ ಬರಲೇ ಎಂದು ಕೇಳಿದಳು. ಹೇಗಿದ್ದರೂ ಮಮದಾಪುರಕ್ಕೆ ಗೋಕಾಕದ ಮೇಲೆಯೇ ಹೋಗಬೇಕು, ಅಲ್ಲಿಗೇ ಬರುತ್ತೇನೆ ಎಂದ ಅವನು. ಸೀತವ್ವ ಫೋನು ಇಸಿದುಕೊಂಡು, ಓಡಿಬರಬೇಡ, ಮಂಟಪದ ಬಾಗಿಲಲ್ಲಿ ನನ್ನ ಚಪ್ಪಲಿ ಇವೆ, ಅವನ್ನು ತೆಗೆದುಕೊಂಡು ಬಾ ಎಂದಳು.

ಫೋನು ಇಟ್ಟ ಮೇಲೆ ಸೀತವ್ವನಿಗೆ ನಗು ಶುರುವಾಯಿತು. ಅವಳನ್ನು ನೋಡಿ ಶೋಭಾಳಿಗೂ. ಘಟಪ್ರಭಾ ದಾಟುವವರೆಗೂ ಇಬ್ಬರೂ ನಗುತ್ತಲೇ ಇದ್ದರು.

ಸೀತವ್ವ ಮುಂದಿನ ಸೀಟಿಗೆ ಬಂದು ಕೂತಿದ್ದಳು. ಗೋಕಾಕದಲ್ಲೇನು ಕೆಲಸ ಎಂದು ಕೇಳಿದಳು. ಹೊಸ ಗಾಡಿ ಬುಕ್ ಮಾಡುವುದಿದೆ ಎಂದಳು ಶೋಭಾ. ಯಾವ ಬಣ್ಣದ್ದು ಎಂದು ಕೇಳಿದ್ದಕ್ಕೆ ಬಿಳಿ ಎಂದಳು. ಅದಕ್ಕೆ ಸೀತವ್ವ ತನ್ನ ಕುರಿಗಳ ಕತೆ ಹೇಳಿದಳು.

ಅವಳು ಮದುವೆಯಾಗಿ ಬಂದ ವರ್ಷ ಮನೆಯಲ್ಲಿ ಮುನ್ನೂರು ಕುರಿಗಳಿದ್ದವು. ಗುರುತಿಗೆ ಬೆನ್ನ ಮೇಲೆ ಕೆಂಪು ಬಣ್ಣ ಹಚ್ಚುತ್ತಿದ್ದರು. ಸುತ್ತಲಿನ ಕುರುಬರೂ ಕೆಂಪನ್ನೇ ಹಚ್ಚುತ್ತಿದ್ದರು. ಒಂದು ಸಲ ಆಣೆಕಲ್ಲಿನ ಮಳೆಗೆ ಮೂರು ಹಿಂಡುಗಳು ಕೂಡಿಹೋದವು. ಯಾವ ಕುರಿ ಯಾರದೆಂದು ಎರಡು ದಿನ ಜಗಳ. ಮರುವಾರ ಮನೆಯಲ್ಲಿ ಯಾರೂ ಇಲ್ಲದಾಗ ಸೀತವ್ವ ಬಟ್ಟೆಗೆ ಹಾಕುವ ನೀಲಿಯನ್ನು ಎಣ್ಣೆಯಲ್ಲಿ ಕಲಸಿ, ಸಿಕ್ಕಷ್ಟು ಕುರಿಗಳ ಬೆನ್ನಿಗೆ ಬಳಿದಳು. ಮಾವ ಲಗಮಪ್ಪ ನಾಲ್ಕು ದಿನ ಅವಳ ಜೊತೆ ಮಾತಾಡಲಿಲ್ಲ. ಐದನೆಯ ದಿನ ಸಂತೆಯಿಂದ ತಾನೇ ಎರಡು ಡಬ್ಬಿ ನೀಲಿ ಬಣ್ಣ ತಂದಿಟ್ಟ. ಅಂದಿನಿಂದ ಇಂದಿನವರೆಗೂ ಅವರ ಕುರಿಗಳಿಗೆ ನೀಲಿಯೇ.

"ನೀಲಿನ ಯಾಕ ಹಚ್ಚಿದ್ರಿ, ಆಯಿ?" ಎಂದು ಶೋಭಾ ಕೇಳಿದಳು.

"ನನಗ ಸೇರತಿತ್ತು, ಅದಕ್ಕ. ನಿನಗ ಯಾವ ಬಣ್ಣ ಸೇರತೈತವಾ?"

ಶೋಭಾ ತನಗೆ ಇಷ್ಟದ ಬಣ್ಣ ಯಾವುದೆಂದು ನೆನೆಸಿಕೊಳ್ಳಲು ನೋಡಿದಳು. ಸೀರೆಯ ಬಣ್ಣವನ್ನು ಮೊದಲು ಅವ್ವ ಆರಿಸುತ್ತಿದ್ದಳು, ಆಮೇಲೆ ಅತ್ತೆ. ಮನೆಯ ಗೋಡೆಗೆ ಬಣ್ಣ ಬಳಿಯುವವನು ಉಳಿದದ್ದನ್ನು ಬಳಿದು ಹೋಗಿದ್ದ. ರೊಟ್ಟಿ ಕಟ್ಟುವ ಬಟ್ಟೆ ಬಿಳಿಯದೇ ಇರಬೇಕು. ಗೋಕಾಕ ಬರುವವರೆಗೂ ಅವಳು ಯೋಚಿಸುತ್ತಲೇ ಇದ್ದಳು. ಎದುರಿಗೆ ಬರುವ ಲಾರಿ, ಅಂಗಡಿಯ ಹಲಗೆ, ದಾರಿಬದಿಯ ಕಬ್ಬು, ಎಲ್ಲದರ ಬಣ್ಣವೂ ಮೊದಲ ಸಲ ಕಾಣುತ್ತಿರುವಂತೆ ಕಂಡಿತು.

ಷೋರೂಮಿನಲ್ಲಿ ಕಾಶಿನಾಥ ಅರ್ಧ ಗಂಟೆಯಿಂದ ಕಾಯುತ್ತಿದ್ದ. ಹೆಂಡತಿಯ ಜೊತೆ ಬರಿಗಾಲಿನ ಅಪರಿಚಿತ ಮುದುಕಿಯೊಬ್ಬಳು ಬಂದದ್ದನ್ನು ನೋಡಿ ಎದ್ದು ನಿಂತ. ವಿಷಯ ತಿಳಿದು ಅವನೂ ಬಿದ್ದು ಬಿದ್ದು ನಕ್ಕು, ಸೀತವ್ವನಿಗೆ ಚಹಾ ತರಿಸಿದ. ಅಲ್ಲಿ ಕೆಲಸ ಮಾಡುವ ಐಶ್ವರ್ಯ ಎಂಬಾಕೆ ಅರ್ಜಿ ತುಂಬಿಟ್ಟಿದ್ದಳು. ಬಣ್ಣದ ಮುಂದೆ ಬಿಳಿ ಎಂದು ಬರೆದಿತ್ತು. ಶೋಭಾಳ ಸಹಿಯಾದರೆ ಮುಗಿಯಿತು.

ಶೋಭಾ ಪೆನ್ನು ಹಿಡಿದುಕೊಂಡೇ, ಬೇರೆ ಯಾವ ಯಾವ ಬಣ್ಣ ಇವೆ ಎಂದು ಕೇಳಿದಳು. ಐಶ್ವರ್ಯ ಒಂದು ರಟ್ಟು ತಂದಳು. ಅದರ ಮೇಲೆ ಉಗುರಿನಷ್ಟಗಲದ ಆರು ಚೌಕಗಳಿದ್ದವು. ಹತ್ತು ಜನರಲ್ಲಿ ಏಳೆಂಟು ಜನ ಬಿಳಿಯನ್ನೇ ಒಯ್ಯುತ್ತಾರೆ ಎಂದೂ ಅವಳು ಹೇಳಿದಳು. ಸೀತವ್ವ ಚಹಾದ ಕಪ್ಪು ಕೆಳಗಿಟ್ಟು, ಈ ನೆರಳಿನಲ್ಲಿ ಬಣ್ಣ ಏನು ತಿಳಿಯುತ್ತದೆ, ಬಿಸಿಲಿಗೆ ಒಯ್ದು ನೋಡು ಎಂದಳು. ಸರಿ, ಎಲ್ಲರೂ ರಟ್ಟು ಹಿಡಿದು ಹೊರಗೆ ಬಂದರು. ಹೊರಗೆ ಬಂದದ್ದೇ ಶೋಭಾಳ ಬೆರಳು ಕೊನೆಯ ಚೌಕದ ಮೇಲೆ ನಿಂತಿತು. ಹಳದಿ.

ಕಾಶಿನಾಥ ಗಾಬರಿಯಾದ. ಹಳದಿ ಎಂದರೆ ಶಾಲೆಯ ವ್ಯಾನು. ದಾರಿಯಲ್ಲಿ ಮಕ್ಕಳು ಕೈ ಮಾಡಿ ನಿಲ್ಲಿಸುತ್ತಾರೆ, ಮೂಡಲಗಿಯಲ್ಲಿ ನಾಲ್ಕು ಜನ ನಗುತ್ತಾರೆ ಎಂದ. ಅವನು ಸಿಟ್ಟಿನಿಂದೇನೂ ಹೇಳಲಿಲ್ಲ. ನಿಜವಾಗಿಯೂ ಅವನಿಗೆ ಅರ್ಥವಾಗಿರಲಿಲ್ಲ.

ಶೋಭಾಳ ತವರು ಕೌಜಲಗಿ. ಹುಡುಗಿಯಾಗಿದ್ದಾಗ ಶಾಲೆಗೆ ಹೋಗುವ ದಾರಿಯ ಎರಡೂ ಕಡೆ ಎರೆಹೊಲದಲ್ಲಿ ಸೂರ್ಯಕಾಂತಿ ಬೆಳೆಯುತ್ತಿದ್ದರು. ಹೂ ಬಿಟ್ಟ ದಿನಗಳಲ್ಲಿ ಅವಳು ಬೇಕೆಂದೇ ಮನೆಯಿಂದ ಬೇಗ ಹೊರಟು ನಿಂತು ನಿಂತು ಹೋಗುತ್ತಿದ್ದಳು. ಎಷ್ಟೋ ವರ್ಷಗಳಿಂದ ನೆನಪಾಗದ ಆ ದಾರಿ ಈಗ ಕಣ್ಣೆದುರು ಬಂದು ನಿಂತಿತ್ತು.

"ನಾ ಒಂಬತ್ತನೇ ಕ್ಲಾಸಿನ್ಯಾಗ ಇದ್ದಾಗ ಹಳದಿ ಲಂಗ ಬೇಕಂತ ಹಟ ಹಿಡಿದಿದ್ದೆರಿ," ಎಂದಳು ಗಂಡನಿಗೆ. "ಕರಿ ಹುಡುಗಿಗೆ ಹಳದಿ ಒಪ್ಪಂಗಿಲ್ಲ ಅಂತ ಚಿಗವ್ವ ಅಂದ್ಲು. ಅಂಗಡ್ಯಾಗ ಎಲ್ಲಾರೂ ನಕ್ರು. ಅವತ್ತಿನಿಂದ ನಾ ಒಂದು ರಿಬ್ಬನ್ ಸೈತ ಹಳದಿ ತಗೊಂಡಿಲ್ಲ."

ಅವರ ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿತ್ತು.

"ನನಗ ಯಾವತ್ತೂ ಹೇಳಲಿಲ್ಲಲ್ಲ," ಎಂದ ಕಾಶಿನಾಥ.

"ನನಗ ಮರತ ಹೋಗಿತ್ತು. ಈಗ ನೆಪ್ಪಾತು."

ಅವನು ರಟ್ಟನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ಸರಿಸಿ ಬಿಸಿಲಲ್ಲಿ ನೋಡಿದ. ಒಳಗೆ ಹೋಗಿ ಅರ್ಜಿಯಲ್ಲಿ ಬಿಳಿ ಎಂದಿದ್ದಲ್ಲಿ ಅಡ್ಡಗೆರೆ ಹೊಡೆದು, ಮೇಲೆ ತನ್ನದೇ ಅಕ್ಷರದಲ್ಲಿ ಹಳದಿ ಎಂದು ಬರೆದು ಪೆನ್ನನ್ನು ಹೆಂಡತಿಗೆ ಕೊಟ್ಟ. ಆ ಬಣ್ಣ ಸ್ಟಾಕಿನಲ್ಲಿಲ್ಲ, ಒಂದೂವರೆ ತಿಂಗಳು ಕಾಯಬೇಕಾಗುತ್ತದೆ ಎಂದಳು ಐಶ್ವರ್ಯ. ಕಾಯುತ್ತೇವೆ ಎಂದು ಶೋಭಾಳಿಗಿಂತ ಮೊದಲು ಹೇಳಿದವನು ಕಾಶಿನಾಥ.

ಅಷ್ಟರಲ್ಲಿ ಮಾಲಿಂಗ ಒಂದು ಕೈಯಲ್ಲಿ ಚಪ್ಪಲಿ ಹಿಡಿದುಕೊಂಡು ಬಂದ. ಮೂವತ್ತರ ದೊಡ್ಡ ಆಳು, ಅಜ್ಜಿಯನ್ನು ಕಂಡದ್ದೇ ಕಣ್ಣು ಒದ್ದೆಯಾದವು. ಬೈಯಬೇಕೆಂದುಕೊಂಡು ಬಂದವನು ಕೂತು ಅವಳ ಕಾಲಿಗೆ ಚಪ್ಪಲಿ ಹಾಕಿದ. ಶೋಭಾ ಅವರನ್ನು ಬೀಳ್ಕೊಡಲು ಹೊರಗೆ ಬಂದಳು. ಮಾಲಿಂಗನ ಕಾರನ್ನೂ ಅವಳ ಕಾರನ್ನೂ ಅಕ್ಕಪಕ್ಕದಲ್ಲೇ ನಿಲ್ಲಿಸಿದ್ದರು. ಸೀತವ್ವ ಎರಡನ್ನೂ ನೋಡಿ, ಯಾವುದು ಹತ್ತಬೇಕೆಂದು ಮೊಮ್ಮಗನನ್ನು ಕೇಳಿ ಖಾತ್ರಿ ಮಾಡಿಕೊಂಡ ಮೇಲೆಯೇ ಬಾಗಿಲಿಗೆ ಕೈ ಹಾಕಿದಳು.

ಜುಲೈ ತಿಂಗಳ ಮೊದಲ ವಾರ ಹಳದಿ ಕಾರು ಮೂಡಲಗಿಗೆ ಬಂತು. ಓಣಿಯ ಜನ ಹೊರಗೆ ಬಂದು ನಿಂತರು. ಕಾಶಿನಾಥ ಹೇಳಿದ್ದಂತೆ ನಾಲ್ಕು ಜನ ನಕ್ಕರು, ಹತ್ತು ಜನ ಹತ್ತಿರ ಬಂದು ಮುಟ್ಟಿ ನೋಡಿದರು. ರೊಟ್ಟಿ ಬಡಿಯುವ ಕೆಂಪವ್ವ ಹಿಟ್ಟಿನ ಕೈಯಲ್ಲೇ ಓಡಿಬಂದು, ಮುಟ್ಟಲಾರದೆ ಸುತ್ತಲೂ ತಿರುಗಿ ನೋಡಿದಳು. ಕಾಶಿನಾಥ ಎರಡು ದಿನ ಅಂಗಡಿಗೆ ನಡೆದೇ ಹೋದ. ಮೂರನೆಯ ದಿನ ಬಂದ ರೈತನೊಬ್ಬ ಊರೆಲ್ಲ ಮಾತಾಡುವ ಗಾಡಿ ಯಾವುದೆಂದು ಕೇಳಿದಾಗ, ಗಲ್ಲಾಪೆಟ್ಟಿಗೆ ಬಿಟ್ಟೆದ್ದು ಅವನನ್ನು ಮನೆಯವರೆಗೆ ಕರೆತಂದು ತೋರಿಸಿದ.

ಆದರೆ ಶೋಭಾ ಎಣಿಸದೇ ಇದ್ದದ್ದು ಅತ್ತೆಯಲ್ಲಾದ ಬದಲಾವಣೆ. ಗೌರವ್ವನಿಗೆ ಅರವತ್ತೆಂಟು. ಹಳೆಯ ಕಾರಿನಲ್ಲಿ ವರ್ಷಕ್ಕೊಮ್ಮೆ ಎಲ್ಲಿಗಾದರೂ ಹೋದರೆ ಹಿಂದೆ ಕೂತು ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ಈಗ ಮಧ್ಯಾಹ್ನ ಊಟವಾದ ಮೇಲೆ ನಿಂತ ಕಾರಿನಲ್ಲಿ ಒಬ್ಬರೇ ಹೋಗಿ ಕೂಡತೊಡಗಿದರು. ಯಾಕೆ ಎಂದು ಕೇಳಿದರೆ ಒಳಗೆ ತಂಪು ಎನ್ನುತ್ತಿದ್ದರು. ಒಂದು ದಿನ ಶೋಭಾ ನೋಡಿದಾಗ ಅವರು ಕೂತದ್ದು ಡ್ರೈವರ್ ಸೀಟಿನಲ್ಲಿ. ಎರಡೂ ಕೈಗಳು ಸ್ಟೇರಿಂಗಿನ ಮೇಲಿದ್ದವು. ಸೊಸೆಯನ್ನು ಕಂಡು ಅವರು ಕೈ ತೆಗೆಯಲಿಲ್ಲ.

"ಇದರಾಗ ನಿಲ್ಲಿಸೋದು ಯಾವ್ದು?" ಎಂದು ಕೇಳಿದರು.

ಶೋಭಾ ಬಗ್ಗಿ ತೋರಿಸಿದಳು. ಗೌರವ್ವ ಕಾಲಿಟ್ಟು ಒತ್ತಿ ನೋಡಿದರು. ಮುಂದಿನ ಭಾನುವಾರ ಬೆಳಿಗ್ಗೆ ಶೋಭಾ ಅವರನ್ನು ಊರ ಹೊರಗಿನ ಬಯಲಿಗೆ ಕರೆದೊಯ್ದಳು. ಅದು ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ನಿಲ್ಲುವ ಜಾಗ, ಆಗ ಖಾಲಿಯಿತ್ತು. ಅತ್ತೆಯನ್ನು ಡ್ರೈವರ್ ಸೀಟಿನಲ್ಲಿ ಕೂಡಿಸಿ, ಪಕ್ಕದಲ್ಲಿ ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟುಕೊಂಡು ತಾನು ಕೂತಳು. ಕಾಶಿನಾಥ ಬದಿಯಲ್ಲಿ ನಿಂತು, ಬೇಡ ಎನ್ನಬೇಕೋ ಫೋಟೋ ತೆಗೆಯಬೇಕೋ ತಿಳಿಯದೆ ಫೋನು ಹಿಡಿದುಕೊಂಡಿದ್ದ. ಗಾಡಿ ಒಮ್ಮೆ ಜಿಗಿದು ನಿಂತಿತು. ಎರಡನೆಯ ಸಲವೂ ನಿಂತಿತು. ಮೂರನೆಯ ಸಲ ಮೆಲ್ಲಗೆ ಮುಂದೆ ಸರಿದು, ಒದ್ದೆ ಮಣ್ಣಿನ ಮೇಲೆ ಮೂವತ್ತು ಹೆಜ್ಜೆಯಷ್ಟು ದೂರ ಹೋಯಿತು. ಗೌರವ್ವ ಕಣ್ಣು ಮುಚ್ಚಿರಲಿಲ್ಲ. ತಲೆಯ ಮೇಲಿನ ಸೆರಗು ಜಾರಿತ್ತು, ಅದನ್ನು ಸರಿಪಡಿಸಿಕೊಳ್ಳಲು ಅವರಿಗೆ ಕೈ ಬಿಡುವಿರಲಿಲ್ಲ.

"ಇನ್ನೊಂದೀಟು ಹೋಗೂನು," ಎಂದರು.