ಸಡಿಲವಿಲ್ಲದ ಉಂಗುರ

ಆ ಕಾರ್ಖಾನೆಯಲ್ಲಿ ಮೇಸ್ತ್ರಿಯ ಕಣ್ಣು ತಪ್ಪಿಸಿ ಒಂದು ಉಂಗುರವೂ ಒಳಗೆ ಹೋಗುತ್ತಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಐದು ನಿಮಿಷ ಇರುವಾಗ ಅವರು ಬಾಗಿಲ ಬಳಿ ಬಂದು ನಿಲ್ಲುತ್ತಿದ್ದರು. ಹನ್ನೊಂದು ಜನ ಸಾಲಾಗಿ ಬಂದು ಎರಡೂ ಕೈ ಮುಂದೆ ಚಾಚಬೇಕು, ಕಾಲರ್ ಸರಿಸಿ ಕೊರಳು ತೋರಿಸಬೇಕು. ಉಂಗುರ, ಗಡಿಯಾರ, ಸರ, ಏನಿದ್ದರೂ ಗೋಡೆಯ ಹಲಗೆಗೆ ಹೊಡೆದ ಮೊಳೆಗೆ ನೇತುಹಾಕಿಯೇ ಒಳಗೆ ಕಾಲಿಡಬೇಕು. ಒಬ್ಬೊಬ್ಬರಿಗೆ ಒಂದೊಂದು ಮೊಳೆ. ಹೊಸದಾಗಿ ಮದುವೆಯಾಗಿ ಮುಖ ಗಂಟಿಕ್ಕುವವರಿಗೆ ಅವರದು ಒಂದೇ ಮಾತು: “ಹೆಂಡತಿ ಕೋಪ ಮಾಡ್ಕೊಂಡ್ರೆ ಸಂಜೆ ಸಮಾಧಾನ ಮಾಡಬಹುದು. ಮಷಿನ್ ಕೋಪ ಮಾಡ್ಕೊಂಡ್ರೆ ಸಂಜೆ ಅನ್ನೋದೇ ಇರಲ್ಲ.” ಜನ ಬೆನ್ನ ಹಿಂದೆ ಬೈದುಕೊಳ್ಳುತ್ತಿದ್ದರು ನಿಜ, ಆದರೆ ಅವರು ಮೇಸ್ತ್ರಿಯಾದ ಹದಿನಾರು ವರ್ಷಗಳಲ್ಲಿ ಅಲ್ಲಿ ಯಾರೊಬ್ಬರ ಉಗುರೂ ಮುಕ್ಕಾಗಿರಲಿಲ್ಲ.

ಸವೆದ ಪಂಪು, ಮೋಟಾರುಗಳ ಬಿಡಿಭಾಗಗಳನ್ನು ಹೊಸದಾಗಿ ಕಡೆದು ಕೊಡುವ ಕಾರ್ಖಾನೆ ಅದು. ಮೇಸ್ತ್ರಿ ಮೂಲತಃ ಲೇತ್ ಕೆಲಸದವರು. ಅವರು ಕಡೆದ ಬುಶ್ಶನ್ನು, ಅಂದರೆ ಲೋಹದ ಬಳೆಯನ್ನು, ಶಾಫ್ಟಿಗೆ ತೊಡಿಸಿದರೆ ನಡುವೆ ಕೂದಲೆಳೆ ತೂರದು. ಅದಕ್ಕೇ ಕೂದಲೆಳೆ ಮೇಸ್ತ್ರಿ ಎಂಬ ಅಡ್ಡಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಆದರೆ ಅವರಿಗೆ ಗೊತ್ತಿತ್ತು, ಒಳಗೊಳಗೇ ಹಿಗ್ಗುತ್ತಲೂ ಇದ್ದರು. ಅವರ ಬಾಯಲ್ಲಿ ‘ಸಡಿಲ’ ಎನ್ನುವುದೊಂದು ಬೈಗುಳ. ಸಡಿಲ ಬುಶ್ಶು, ಸಡಿಲ ನಾಲಗೆ, ಸಡಿಲ ಮನುಷ್ಯ, ಮೂರನ್ನೂ ಒಂದೇ ಮುಖ ಮಾಡಿ ಉಗಿಯುತ್ತಿದ್ದರು.

ಅವರ ಒಬ್ಬಳೇ ಮಗಳ ಮದುವೆ ಅದೇ ಕಾರ್ಖಾನೆಯ ಡ್ರಿಲ್ಲಿಂಗ್ ಮಷಿನ್ ನಡೆಸುವವನ ಜೊತೆ ನಿಶ್ಚಯವಾಯಿತು. ಮೇಸ್ತ್ರಿಯೇ ಕೆಲಸ ಕಲಿಸಿ ಬೆಳೆಸಿದವನು, ಮಾತು ಕಡಿಮೆ, ಕೈ ಚುರುಕು. ಅಳಿಯನಿಗೆ ಉಂಗುರ ಅಂಗಡಿಯಿಂದ ತರುವುದು ಮೇಸ್ತ್ರಿಗೆ ಅವಮಾನವೆನಿಸಿತು. ಸ್ಟೇನ್‌ಲೆಸ್ ಸ್ಟೀಲಿನ ಒಂದು ತುಂಡು ಆರಿಸಿ, ತಾವೇ ಲೇತಿನಲ್ಲಿ ಕಡೆಯಲು ನಿಂತರು. “ಬಂಗಾರ ಹಾಕೋ ಜಾಗಕ್ಕೆ ಬೋಲ್ಟು ಹಾಕ್ತೀರಾ?” ಎಂದು ಹೆಂಡತಿ ಹಂಗಿಸಿದಾಗ, “ನಿನ್ನ ಬಂಗಾರ ವರ್ಷಕ್ಕೆ ಸವೆಯುತ್ತೆ, ನನ್ನ ಬೋಲ್ಟು ಮೊಮ್ಮಕ್ಕಳ ಕಾಲಕ್ಕೂ ಹೀಗೇ ಇರುತ್ತೆ” ಎಂದರು. ಉಂಗುರ ನಿಜಕ್ಕೂ ಚೆಲುವಾಗಿತ್ತು. ಕನ್ನಡಿಯ ಹೊಳಪು, ಅಂಚು ಮಾತ್ರ ಮಂಜು ಮುಸುಕಿದ ಹಾಗೆ.

ಅಳತೆ ತೆಗೆದದ್ದು ಚಳಿಗಾಲದ ಒಂದು ಬೆಳಿಗ್ಗೆ. ಅಳಿಯ ಆಗಷ್ಟೇ ತೊಟ್ಟಿಯ ತಣ್ಣೀರಿನಲ್ಲಿ ಕೈ ತೊಳೆದು ಬಂದಿದ್ದ. ಮೇಸ್ತ್ರಿ ಅವನ ಬೆರಳನ್ನು ವರ್ನಿಯರ್ ಅಳತೆಗೋಲಿನಲ್ಲಿ ಹಿಡಿದು ಮೂರು ಸಲ ಅಳೆದರು, ಮೂರು ಸಲವೂ ಒಂದೇ ಅಳತೆ ಬಂತು. ಬೆರಳೇನು ಶಾಫ್ಟೇ? ಲೋಹ ಬಿಸಿಗೆ ಎಷ್ಟು ಹಿಗ್ಗುತ್ತದೆ ಎಂದು ನಿದ್ದೆಯಲ್ಲೂ ಲೆಕ್ಕ ಹೇಳಬಲ್ಲ ಮನುಷ್ಯನಿಗೆ ಮಾಂಸವೂ ಹಿಗ್ಗುತ್ತದೆಂದು ಹೊಳೆಯಲೇ ಇಲ್ಲ. ಮದುವೆಯ ದಿನ ಗೆಣ್ಣು ದಾಟಿಸಲು ಸಾಬೂನು ಹಚ್ಚಬೇಕಾಯಿತು. ಒಳಗೆ ಕೂತ ಮೇಲೆ ಉಂಗುರ ಅಲುಗಲಿಲ್ಲ. “ನೋಡು, ಕೂದಲೆಳೆಯಷ್ಟೂ ಸಡಿಲ ಇಲ್ಲ” ಎಂದು ಬೀಗರ ಮುಂದೆ ಮೇಸ್ತ್ರಿ ಅಳಿಯನ ಕೈ ಎತ್ತಿ ತೋರಿಸಿದರು.

ಮದುವೆಯಾಗಿ ವಾರ ಕಳೆದು ಅಳಿಯ ಕೆಲಸಕ್ಕೆ ಬಂದ ದಿನ ಬಾಗಿಲಲ್ಲಿ ಉಂಗುರ ಹೊರಗೆ ಬರಲಿಲ್ಲ. ಸಾಬೂನು, ಎಣ್ಣೆ, ದಾರ ಸುತ್ತಿ ಎಳೆಯುವುದು, ಎಲ್ಲಾ ಆಯಿತು. ಹಿಂದೆ ಹತ್ತು ಜನ ನಿಂತು ನೋಡುತ್ತಿದ್ದರು. ಬೇರೆ ಯಾರಾದರೂ ಆಗಿದ್ದರೆ ಮೇಸ್ತ್ರಿ ಆ ಕ್ಷಣವೇ ಮನೆಗೆ ಕಳಿಸುತ್ತಿದ್ದರು, ಇಲ್ಲವೇ ಕತ್ತರಿಸುತ್ತಿದ್ದರು. ಅವತ್ತು ಅವರು ಕರೆಂಟ್ ಕೆಲಸದ ಕಪ್ಪು ಟೇಪು ತಂದು ಉಂಗುರ ಮುಚ್ಚುವ ಹಾಗೆ ಎರಡು ಸುತ್ತು ಸುತ್ತಿ, “ಇಷ್ಟಿದ್ರೆ ಏನಕ್ಕೂ ಸಿಕ್ಕಿಹಾಕ್ಕೊಳ್ಳಲ್ಲ, ನಡಿ” ಎಂದರು.

ಸಾಲಿನಲ್ಲಿದ್ದ ವೆಲ್ಡರನಿಗೆ ಬಾಯಿ ತಡೆಯಲಿಲ್ಲ. “ಟೇಪು ಸುತ್ತಿದ್ರೆ ಉಂಗುರ ಉಂಗುರ ಅಲ್ವಂತೆ. ಅಳಿಯ ಅಲ್ಲ, ಮಗಳ ಗಂಡ!” ಎಂದ. ಸಾಲು ಇಡೀ ನಕ್ಕಿತು. ಮೇಸ್ತ್ರಿ ನಗಲಿಲ್ಲ, ಆ ವಾರ ಪೂರ್ತಿ ವೆಲ್ಡರನ ಬೆಸುಗೆಗಳಲ್ಲಿ ತಪ್ಪು ಹುಡುಕಿದರು.

ದಿನ ಕಳೆದಂತೆ ಹೊಸ ಸಂಸಾರದ ಊಟಕ್ಕೆ ಅಳಿಯ ತುಸು ಮೈ ತುಂಬಿಕೊಂಡ. ಬೇಸಿಗೆ ಬಂತು, ಬೆರಳು ಬಾತು ಉಂಗುರದ ಎರಡೂ ಕಡೆ ಉಬ್ಬಿತು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವನು ಲೇತಿನ ಹತ್ತಿರ ಬಂದ.

“ಮಾವ, ಇದನ್ನ ಕತ್ತರಿಸಿ ಕೊಡಿ. ಆಮೇಲೆ ಬೇಕಾದ್ರೆ ಸ್ವಲ್ಪ ದೊಡ್ಡದು ಮಾಡಿ ಬೆಸುಗೆ ಹಾಕೋಣ. ಟೇಪು ಎಣ್ಣೆಗೆ ನಿಲ್ತಾ ಇಲ್ಲ. ಗಂಟೆಗೊಂದ್ಸಲ ಬಿಟ್ಕೊಳ್ಳುತ್ತೆ.”

“ಬೆಸುಗೆನಾ? ನಾನು ಕಡೆದದ್ದಕ್ಕೆ ಬೆಸುಗೆ?”

“ಭಯ ಆಗುತ್ತೆ ಮಾವ.”

“ಮೈ ಇಳಿಸಪ್ಪ, ಉಂಗುರ ಯಾಕೆ ಕತ್ತರಿಸಬೇಕು? ಹೊಸ ಟೇಪು ಸುತ್ಕೋ. ಕತ್ತರಿಸೋಕೆ ನನ್ನ ಕೈ ಬರಲ್ಲ, ನನ್ನ ಮಗಳಿಗೆ ಏನಂತ ಹೇಳಲಿ?”

ಮಗಳ ಹೆಸರು ಅಡ್ಡ ತಂದದ್ದು ಸುಳ್ಳು. ಕತ್ತರಿಸಿಕೊಂಡು ಬಾ ಎಂದು ಗಂಡನನ್ನು ಕಳಿಸಿದವಳೇ ಮಗಳು, ಅದು ಅವರಿಗೂ ಗೊತ್ತಿತ್ತು. ಪಕ್ಕದಲ್ಲಿ ಬುತ್ತಿ ಬಿಚ್ಚಿ ಕೂತಿದ್ದ ವೆಲ್ಡರ್ ತಲೆ ಎತ್ತಿ ನೋಡಿ, ಮತ್ತೆ ಊಟಕ್ಕೆ ತಲೆ ಬಗ್ಗಿಸಿದ. ಅಳಿಯ ಹೋಗಿ ಹೊಸ ಟೇಪು ಸುತ್ತಿಕೊಂಡ.

ಎರಡು ತಿಂಗಳ ನಂತರ ದಪ್ಪ ತಗಡೊಂದಕ್ಕೆ ತೂತು ಕೊರೆಯುವಾಗ ಟೇಪಿನ ತುದಿ ಬಿಟ್ಟುಕೊಂಡು ಡ್ರಿಲ್ಲಿನ ತಿರುಗುವ ಮೊನೆಗೆ ಸುತ್ತಿಕೊಂಡಿತು. ಟೇಪು ಹರಿಯಲಿಲ್ಲ, ಕೈಯನ್ನು ಎಳೆಯಿತು. ತೂತಿನಿಂದ ಎದ್ದ ಕಬ್ಬಿಣದ ಸುರುಳಿ ಉಂಗುರದಡಿಗೆ ತೂರಿತು. ಬಂಗಾರವಾಗಿದ್ದರೆ ಬಹುಶಃ ಬಾಗಿ, ಬಾಯಿ ಬಿಟ್ಟು ಬೆರಳನ್ನು ಬಿಡುತ್ತಿತ್ತು. ಇದು ಮೊಮ್ಮಕ್ಕಳ ಕಾಲಕ್ಕೂ ಇರಬೇಕಾದ ಉಂಗುರ, ಅದು ಬಾಗಲಿಲ್ಲ. ಮೇಸ್ತ್ರಿ ಓಡಿಬಂದು ಮಷಿನ್ ಆಫ್ ಮಾಡುವಷ್ಟರಲ್ಲಿ ಬೆರಳಿನ ತೊಗಲು ಪೂರ್ತಿ ಸುಲಿದು ಹೋಗಿತ್ತು. ಅಳಿಯ ಕೂಗಲಿಲ್ಲ, ಮಾವನ ಮುಖವನ್ನೇ ನೋಡುತ್ತಾ ನೆಲಕ್ಕೆ ಕೂತ.

ಆಸ್ಪತ್ರೆಯಲ್ಲಿ ಉಂಗುರ ತೆಗೆಯಲು ಒಂದು ಪುಟ್ಟ ಗರಗಸವಿತ್ತು. ಅದು ಬಂಗಾರ, ಬೆಳ್ಳಿ ಕತ್ತರಿಸಲು ಇದ್ದದ್ದು. ನರ್ಸಮ್ಮ ಐದು ನಿಮಿಷ ತಿರುಗಿಸಿದರೂ ಉಂಗುರದ ಮೇಲೆ ಒಂದು ಗೀರು ಬಿತ್ತು, ಅಷ್ಟೇ. “ಇದ್ಯಾವ ಲೋಹಾರೀ? ಯಾವ ಪುಣ್ಯಾತ್ಮ ಮಾಡಿಕೊಟ್ಟ?” ಎಂದು ಆಕೆ ಬೇಸರದಿಂದ ಕೇಳಿದರು. ಮೇಸ್ತ್ರಿ ಕಾರ್ಖಾನೆಗೆ ಹೋಗಿ ಕೈಯಲ್ಲಿ ಹಿಡಿದು ಕತ್ತರಿಸುವ ಸಣ್ಣ ಮಷಿನ್ನು ತಂದರು. ಹೋಗಿ ಬರಲು ಮುಕ್ಕಾಲು ಗಂಟೆ. ಡಾಕ್ಟರು ನೀರು ಹನಿಸುತ್ತಿರಲು ಮೇಸ್ತ್ರಿಯೇ ಎರಡು ಕಡೆ ಕತ್ತರಿಸಿ ಉಂಗುರ ಬಿಡಿಸಿದರು. ಎರಡೇ ನಿಮಿಷದ ಕೆಲಸ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಸಂಜೆ ಹೊತ್ತಿಗೆ ಡಾಕ್ಟರು ಬೆರಳನ್ನು ಬುಡದಿಂದಲೇ ತೆಗೆದರು. ಪಕ್ಕದ ಬೆರಳು ಉಳಿಯಿತು, ಆದರೆ ಇನ್ನು ಮಡಚುವುದಿಲ್ಲವೆಂದು ಹೇಳಿದರು.

ಮಗಳು ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಅಪ್ಪನ ಪಕ್ಕ ಕೂತಿದ್ದಳು. ಬಹಳ ಹೊತ್ತು ಅತ್ತಳು, ಆಮೇಲೆ ಮೂಗು ಒರೆಸಿಕೊಂಡು ಕೇಳಿದಳು:

“ಅಪ್ಪ, ನಾಳೆ ವಿಚಾರಣೆಗೆ ಬರ್ತಾರಂತೆ. ತಪ್ಪು ಕಾರ್ಖಾನೆದು ಅಂತಾದ್ರೆ ಇವರಿಗೆ ಪರಿಹಾರ ಸಿಗುತ್ತೆ, ಕೈ ವಾಸಿಯಾದ್ಮೇಲೆ ಮಷಿನ್ ಕೆಲಸಾನೂ ಸಿಗುತ್ತೆ. ಇವರದೇ ತಪ್ಪು ಅಂತಾದ್ರೆ ಏನೂ ಇಲ್ಲ. ನೀನು ನಿಜ ಹೇಳ್ತೀಯ ತಾನೆ?”

“ಹೇಳ್ತೀನಮ್ಮ.”

“ಕತ್ತರಿಸು ಅಂತ ಇವರು ಕೇಳಿದ್ದು, ಬೇಡ ಅಂತ ನೀನಂದದ್ದು, ಟೇಪು ಸುತ್ತಿಸಿದ್ದು.”

“ಎಲ್ಲಾ ಹೇಳ್ತೀನಿ.”

ಹೇಳುವ ಮನಸ್ಸಿತ್ತು, ಅದರಲ್ಲಿ ಮೋಸವಿರಲಿಲ್ಲ. ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದರು. ಬೆಳಿಗ್ಗೆ ಕಾರ್ಖಾನೆಗೆ ಹೋದರೆ ವಿಚಾರಣೆಗೆ ಬಂದ ಅಧಿಕಾರಿ ಬಾಗಿಲ ಬಳಿಯ ಹಲಗೆಯನ್ನೂ ಮೊಳೆಗಳನ್ನೂ ನೋಡಿ ಮೆಚ್ಚಿ ತಲೆದೂಗುತ್ತಿದ್ದರು. ಮಾಲೀಕರು ಮೇಸ್ತ್ರಿಯ ಹೆಗಲ ಮೇಲೆ ಕೈ ಇಟ್ಟರು. “ಹದಿನಾರು ವರ್ಷ ಸಾರ್, ಒಂದು ಗೀರಿಲ್ಲ. ಎಲ್ಲಾ ಇವರ ಶಿಸ್ತು. ನಿಯಮ ಇತ್ತು, ಇವರು ಹೇಳ್ತಾನೇ ಇದ್ರು, ಅವನು ಕೇಳಲಿಲ್ಲ. ಅಷ್ಟೇ ಅಲ್ವಾ ಮೇಸ್ತ್ರಿ?”

ಅಧಿಕಾರಿ ಗೌರವದಿಂದ ಅವರ ಕಡೆ ತಿರುಗಿದರು. ಇಡೀ ಜೀವಮಾನದಲ್ಲಿ ಮೇಸ್ತ್ರಿಯನ್ನು ಯಾರೂ ಹಾಗೆ ನೋಡಿರಲಿಲ್ಲ. ಜೋಡಿಸಿಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ.

“ಹೂಂ” ಎಂದರು.

ಬರೆದ ಹೇಳಿಕೆಗೆ ಸಹಿ ಹಾಕಿದರು. ವಿಷಯ ಸಂಜೆಯೊಳಗೆ ಆಸ್ಪತ್ರೆ ಮುಟ್ಟಿತು. ಮಗಳು ಜಗಳವಾಡಲಿಲ್ಲ. ಹುಟ್ಟಿದಾಗಿನಿಂದ ಅಪ್ಪನನ್ನು ನೀನು ಎನ್ನುತ್ತಿದ್ದವಳು, “ಊಟ ಆಯ್ತಾ ನಿಮ್ಮದು?” ಎಂದು ಕೇಳಿದಳು. ಅಲ್ಲಿಂದ ಮುಂದೆ ನೀವು ಎಂದೇ ಕರೆದಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಯಾರಿಗೆ ದೂರುವುದು? ವೆಲ್ಡರನಿಗೆ ಎಲ್ಲಾ ಗೊತ್ತಿತ್ತು. ಅವನೂ ಬಾಯಿ ಬಿಡಲಿಲ್ಲ. ಅವನಿಗೂ ಮನೆ ಇತ್ತು, ಮಕ್ಕಳಿದ್ದರು.

ಮಾಲೀಕರಿಗೆ ಆಮೇಲೆ ಹೊಸದೊಂದು ಉತ್ಸಾಹ ಬಂತು. ಪ್ರತಿ ಸೋಮವಾರ ಕೆಲಸ ಶುರುವಾಗುವ ಮುಂಚೆ ಹತ್ತು ನಿಮಿಷ ಮೇಸ್ತ್ರಿ ಸುರಕ್ಷತೆಯ ಬಗ್ಗೆ ಮಾತಾಡಬೇಕು, ಅಳಿಯನ ಉದಾಹರಣೆಯನ್ನೇ ಕೊಡಬೇಕು ಎಂದರು. “ಮನೆಯವನದೇ ಆದ್ರೆ ಜನ ಮನಸ್ಸಿಗೆ ಹಚ್ಕೊಳ್ತಾರೆ.” ಮೊದಲ ಸೋಮವಾರ ಮೇಸ್ತ್ರಿ ಎರಡೇ ಮಾತಿಗೆ ಮುಗಿಸಿ ಲೇತಿಗೆ ಮರಳಿದರು. ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. ನಾಲ್ಕನೆಯ ಸೋಮವಾರದ ಹೊತ್ತಿಗೆ ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಎಂಬುದೂ ತಿಳಿದುಬಿಟ್ಟಿತ್ತು. “ಸ್ವಂತ ಅಳಿಯ, ನೂರು ಸಲ ಹೇಳಿದೆ” ಎನ್ನುವಾಗ ಒಮ್ಮೊಮ್ಮೆ ಕಣ್ಣಲ್ಲಿ ನಿಜವಾಗಿಯೂ ನೀರು ಬರುತ್ತಿತ್ತು. ಮನುಷ್ಯ ಎಂಥವನು ನೋಡಿ, ಸುಳ್ಳನ್ನೂ ಕೂದಲೆಳೆ ಸಡಿಲವಿಲ್ಲದ ಹಾಗೆ ಕಡೆದಿಟ್ಟಿದ್ದರು.

ಎರಡೂವರೆ ತಿಂಗಳ ಮೇಲೆ ಒಂದು ಸೋಮವಾರ ಅಳಿಯ ಮರಳಿ ಬಂದ. ಮಷಿನ್ನಿಗಲ್ಲ, ನಟ್ಟು ಬೋಲ್ಟು ಎಣಿಸಿ ಕೊಡುವ ಸ್ಟೋರಿಗೆ. ಅದೂ ಮಾಲೀಕರ ದಯೆ. ಬಂದವನು ಸಾಲಿನ ಕೊನೆಯಲ್ಲಿ ಕೈ ಕಟ್ಟಿ ನಿಂತ. ಮಾಲೀಕರು ಕಚೇರಿಯ ಕಿಟಕಿಯಲ್ಲಿ ನಿಂತಿದ್ದರು.

“ಹೇಳಿದ ಮಾತು ಕೇಳದೆ ಇದ್ರೆ...” ಎಂದು ಮೇಸ್ತ್ರಿ ಶುರು ಮಾಡಿದರು. ಮುಂದಕ್ಕೆ ಬರಲಿಲ್ಲ. ಉಳಿದವರೆಲ್ಲ ಅವರನ್ನೇ ನೋಡುತ್ತಿದ್ದರು, ವೆಲ್ಡರ್ ಮಾತ್ರ ನೆಲ ನೋಡುತ್ತಿದ್ದ. ಈಗ ಹೇಳಿಬಿಡಬಹುದು, ಎನಿಸಿತು ಮೇಸ್ತ್ರಿಗೆ. ತಪ್ಪು ನನ್ನದು, ಅವನದಲ್ಲ. ಇಷ್ಟೇ ಮಾತು. ತುಟಿ ಸವರಿಕೊಂಡರು.

ಅಷ್ಟರಲ್ಲಿ ಅಳಿಯ ಎಡಗೈ ಎತ್ತಿದ. ಬೆರಳಿದ್ದ ಜಾಗ ಎಲ್ಲರಿಗೂ ಕಾಣುವ ಹಾಗೆ ಹಿಡಿದು, “ಮಾವ ಎಷ್ಟೋ ಸಲ ಹೇಳಿದ್ರು. ನಾನೇ ಕೇಳಲಿಲ್ಲ. ನೀವಾದ್ರೂ ಕೇಳಿ” ಎಂದ. ಪಾಠ ಒಪ್ಪಿಸಿದ ಹಾಗೆ, ಏರಿಳಿತವಿಲ್ಲದ ದನಿ. ಕಿಟಕಿಯಲ್ಲಿ ಮಾಲೀಕರು ತಲೆಯಾಡಿಸಿ ಒಳಗೆ ಹೋದರು. ಜನ ಚದುರಿದರು, ಮಷಿನ್ನುಗಳು ಒಂದೊಂದಾಗಿ ಸದ್ದು ಹಿಡಿದವು.

ಮೇಸ್ತ್ರಿ ಅವನ ಹತ್ತಿರ ಹೋದರು. “ಯಾಕಪ್ಪ ಹಾಗಂದೆ? ನಾನು ಹೇಳೋಣ ಅಂತಿದ್ದೆ...”

“ಹೇಳಿದ್ರೆ ನಿಮ್ಮನ್ನ ಇವತ್ತೇ ಕಳಿಸ್ತಾರೆ. ನೀವು ಹೋದ್ರೆ ಈ ಕೈ ಇಟ್ಕೊಂಡಿರೋ ನನ್ನನ್ನ ಇಲ್ಲಿ ಯಾರು ಇಟ್ಕೊಳ್ತಾರೆ ಮಾವ?” ಅಳಿಯನ ಮಾತಿನಲ್ಲಿ ಕೋಪವಿರಲಿಲ್ಲ. “ಒಂದು ಮಾಡಿ. ಇನ್ಮೇಲೆ ಸೋಮವಾರದ ಮಾತು ನಾನೇ ಆಡ್ತೀನಿ. ಆ ಕಥೆ ನಿಮ್ಮ ಬಾಯಿಂದ ಕೇಳ್ಕೊಂಡು ನಿಲ್ಲೋಕೆ ನನ್ನ ಕೈಲಿ ಆಗಲ್ಲ.”

ಅವನು ಸ್ಟೋರಿನ ಕಡೆ ನಡೆದ. ಮೇಸ್ತ್ರಿಗೆ ಆಗ ನಾಚಿಕೆಯಾಗಬೇಕಿತ್ತು, ಎದೆ ಒಡೆಯಬೇಕಿತ್ತು. ಅವೆಲ್ಲ ಬಂದವು, ಆದರೆ ಆಮೇಲೆ. ಮೊದಲು ಬಂದದ್ದು, ಸದ್ಯ, ಇನ್ನು ಆ ಮಾತು ತಾವು ಆಡಬೇಕಾಗಿಲ್ಲವಲ್ಲ ಎಂಬ ನಿರಾಳ.